ಸಾಕಾ ಅಂದ ಸೌಟು

ಹೊಳೆ ದಂಡೆಯಲ್ಲಿ ಒಂದು ಆಶ್ರಮ. ಯಾವ ಹೊಳೆ ಅಂತ ಕೇಳಬೇಡಿ, ನನಗೆ ಹೇಳಿದೋರೂ ಹೇಳಲಿಲ್ಲ.

ಅಲ್ಲಿ ಮುದ್ದಯ್ಯ ಅಂತ ಗುರುಗಳಿದ್ದರು. ಶಂಭಯ್ಯ ಅವರ ಶಿಷ್ಯ. ಅಡುಗೆಮನೆ, ಬಡಿಸೋ ಆಳುಗಳು, ಬಂದೋರ ಊಟ ಉಪಚಾರ, ಎಲ್ಲ ಅವನ ಉಸ್ತುವಾರಿ.

ಆಚೆ ದಡದಲ್ಲಿ ಬುಟ್ಟಿ ಹೆಣೆಯೋ ಜನ. ಅಮಾವಾಸ್ಯೆಗೊಮ್ಮೆ ಹರಿಗೋಲಲ್ಲಿ ಬುಟ್ಟಿ, ಮೊರ ತಂದು ಆಶ್ರಮಕ್ಕೆ ಕೊಡೋರು. ಊಟ ಮಾತ್ರ ಒಳಗಲ್ಲ. ತಮ್ಮ ಬುಟ್ಟಿಗೇ ಎಲೆ ಹಾಸಿ, ಬುಟ್ಟಿ ತುಂಬ ಅನ್ನ ಹಾಕಿಸಿಕೊಂಡು, ಬಾಗಿಲಾಚೆ ಹುಣಸೆಮರದ ಕೆಳಗೆ ಉಣ್ಣೋರು. ಯಾರ ಕಾಲದಿಂದಲೋ ಹಾಗೇ ನಡೆದು ಬಂದಿತ್ತು.

ಒಂದು ದಿನ ಗುರುಗಳು ಶಿಷ್ಯನನ್ನು ಕರೆದರು.

"ಶಂಭಯ್ಯ, ಬರೋ ಅಮಾವಾಸ್ಯೆಯಿಂದ ಅವರೂ ನಮ್ಮ ಪಂಕ್ತೀಲೇ ಕೂರ್ತಾರೆ. ನಮ್ಮೋರನ್ನ ತಯಾರು ಮಾಡಪ್ಪ."

"ಆಗಲಿ ಬುದ್ಧಿ."

ಶಂಭಯ್ಯ ದಿನಾ ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ಪಾಠ ಶುರು ಮಾಡಿದ.

"ಪಂಕ್ತಿ ಒಂದೇ, ಎಲೆ ಒಂದೇ, ಅಳತೆ ಒಂದೇ. ಒಂದು ಸೌಟು ಹಾಕಿ, 'ಸಾಕಾ' ಅಂತ ಮರ್ಯಾದೆಯಿಂದ ಕೇಳಿ. ಇವರಿಗೊಂದು ಮಾತು, ಅವರಿಗೊಂದು ಮಾತು ಕೂಡದು."

ಅಡುಗೆಯ ನಂಜವ್ವ ಸೊಪ್ಪು ಬಿಡಿಸುತ್ತ ಕೂತಿದ್ದಳು.

"ಇಷ್ಟು ಹೇಳೋಕೆ ಇಷ್ಟು ಹೊತ್ತಾ? ಒಲೆ ಮೇಲೆ ಬೇಳೆ ಇಟ್ಟು ಬಂದೀನಿ ಕಣಪ್ಪ."

"ಮನಸ್ಸು ಬೇಯಬೇಕು ನಂಜವ್ವ."

"ಅದು ಬೇಯೋದ್ರೊಳಗೆ ಬೇಳೆ ಸೀದಿರುತ್ತೆ."

ಅಮಾವಾಸ್ಯೆ ಹತ್ತಿರ ಬಂತು. ಗುರುಗಳು ಕೇಳಿದರು.

"ನಮ್ಮೋರು ತಯಾರಾದರಾ?"

"ಆದರು ಬುದ್ಧಿ. ನಿದ್ದೇಲಿ ಎಬ್ಬಿಸಿ ಕೇಳಿದರೂ ಪಾಠ ಒಪ್ಪಿಸ್ತಾರೆ."

"ನಿದ್ದೇಲಿ ಯಾರಯ್ಯ ಬಡಿಸ್ತಾರೆ?" ಅಂದು ಗುರುಗಳು ನಕ್ಕರು.

ಅಮಾವಾಸ್ಯೆ ದಿನ ಬುಟ್ಟಿಯೋರು ಬಂದರು. ಹಿರಿಯಳು ಈರಕ್ಕ ಮುಂದೆ, ಉಳಿದೋರು ಹಿಂದೆ. ಕಾಲು ತೊಳೆದು, ಸೆರಗು ಸರಿ ಮಾಡಿಕೊಂಡು, ಪಂಕ್ತೀಲಿ ಕೂತರು.

ಬಡಿಸೋ ಗುರಸಿದ್ಧ ಅನ್ನದ ಬುಟ್ಟಿ ಹಿಡಿದು ಬಂದ. ಒಂದು ಸೌಟು ಹಾಕಿ, ಬಗ್ಗಿ ಕೇಳಿದ.

"ಸಾಕಾ?"

ಆಶ್ರಮದೋರು, "ಯಾವನಿಗೆ ಸಾಕು, ಹಾಕೋ," ಅಂದರು. ಹಾಕಿದ.

ಈರಕ್ಕನ ಎಲೆಗೂ ಒಂದು ಸೌಟು ಹಾಕಿದ. "ಸಾಕಾ?"

"ಸಾಕಪ್ಪ."

ಅವಳ ಕಡೆಯೋರೆಲ್ಲ ಹಾಗೇ ಅಂದರು. ಒಂದು ಅಗುಳು ಬಿಡದೆ ಉಂಡು, ಕೈ ಮುಗಿದು ಎದ್ದರು.

ಶಂಭಯ್ಯನಿಗೆ ಹಿಗ್ಗೋ ಹಿಗ್ಗು. ಒಂದು ಜಗಳವಿಲ್ಲ, ಒಂದು ಕೊಂಕಿಲ್ಲ. ಬೀಳ್ಕೊಡೋಕೆ ಅಂತ ಹೊಳೆವರೆಗೂ ಹೋದ.

ನೋಡಿದರೆ ಮರಳಲ್ಲಿ ಕೂತು ಬುತ್ತಿ ಬಿಚ್ಚಿದ್ದಾರೆ. ರೊಟ್ಟಿ, ಈರುಳ್ಳಿ ಕಡೀತಾ ಇದ್ದಾರೆ.

"ಏನಕ್ಕ, ನಮ್ಮ ಊಟ ರುಚಿಯಾಗಲಿಲ್ವಾ?"

"ಅಯ್ಯೋ, ಊಟ ಚೆನ್ನಾಗಿತ್ತು ಕಣಪ್ಪ," ಅಂದಳು ಈರಕ್ಕ. "ಆದರೆ ಒಂದು ಮಾತು, ಬೇಜಾರು ಮಾಡ್ಕೋಬೇಡ. ಮುಂದಿನ ಸಲ ನಾವು ಮರದ ಕೆಳಗೇ ಉಣ್ತೀವಿ. ಅಲ್ಲಾದರೆ ಹೊಟ್ಟೆ ತುಂಬ್ತಿತ್ತು."

ಶಂಭಯ್ಯನ ಮುಖ ಸಣ್ಣಗಾಯಿತು. ಇವರು ಒಂದು ಸಲ ಆಚೆ ಹೋಗಿ ಕೂತರೆ, ಮತ್ತೆ ಒಳಗೆ ಬರೋದು ಯಾವ ಕಾಲಕ್ಕೋ.

ನೆಟ್ಟಗೆ ಗುರುಗಳ ಹತ್ತಿರ ಬಂದ.

"ಬುದ್ಧಿ, ಎಲ್ಲರಿಗೂ ಒಂದೇ ಥರ ಬಡಿಸಿದ್ವಿ. ಆದರೂ ಹಸ್ಕೊಂಡು ಹೋದರು. ಪಾಠ ಸಾಲದೇ ಬಂತಾ? ಇನ್ನೊಂದಷ್ಟು ದಿನ ಹೇಳಿಕೊಡಲಾ?"

"ಪಾಠ ಬಾಯಿಗೆ ಬಂದಿದೆಯಪ್ಪ. ಸೌಟಿಗೆ ಇಳಿದಿಲ್ಲ. ನಾಳೆ ನೀವೆಲ್ಲ ಕೂತ್ಕೊಳ್ಳಿ, ನಾನು ಬಡಿಸ್ತೀನಿ."

ಮಾರನೇ ದಿನ ಮಧ್ಯಾಹ್ನ ಬಡಿಸೋರೆಲ್ಲ ಎಲೆ ಮುಂದೆ ಕೂತರು. ಗುರುಗಳು ಸೊಂಟಕ್ಕೆ ವಸ್ತ್ರ ಬಿಗಿದು ಬಂದರು. ಗುರಸಿದ್ಧನ ಎಲೆಗೆ ಒಂದು ಸೌಟು ಹಾಕಿ, ಬಗ್ಗಿ ಕೇಳಿದರು.

"ಸಾಕಾ?"

ಸಾಕ್ಷಾತ್ ಗುರುಗಳು ನಿಂತು ಕೇಳುವಾಗ ಬೇಕು ಅನ್ನೋದುಂಟೆ?

"ಸಾಕು ಬುದ್ಧಿ."

ಗುರುಗಳು ಮುಂದಿನ ಎಲೆಗೆ ಹೋಗೇಬಿಟ್ಟರು. ಶಂಭಯ್ಯನದೂ ಅದೇ ಕಥೆ. ನಂಜವ್ವನದು ಇನ್ನೊಂದು ಪಾಡು. ಅವಳದು ಗುಬ್ಬಿ ಹೊಟ್ಟೆ, ಅವಳಿಗೂ ಅದೇ ಸೌಟು. ಬಿಡೋ ಹಾಗಿಲ್ಲ, ಉಣ್ಣೋಕಾಗ್ತಿಲ್ಲ. ಕಣ್ಣು ಮೇಲೆ ಮಾಡಿಕೊಂಡು ಕೂತಿದ್ದಳು.

ಹೊತ್ತು ಇಳಿಯೋವಾಗ ಶಂಭಯ್ಯ ಹಿತ್ತಲಿಗೆ ಹೋದ. ಗುರಸಿದ್ಧ ಪಾತಿಯಲ್ಲಿ ಕೂತು ಹಸಿ ಮೂಲಂಗಿ ಕಡೀತಿದ್ದ.

"ಏನೋ ಅದು?"

"ನೆಲ ಸಡಿಲ ಮಾಡ್ತಿದ್ದೆ ಸ್ವಾಮಿ."

"ಹಲ್ಲಿಂದಲಾ?" ಅಂದ ಶಂಭಯ್ಯ. ಆಮೇಲೆ ಅತ್ತ ಇತ್ತ ನೋಡಿ, "ನನಗೂ ಒಂದು ಕೀಳು," ಅಂದ.

ಮರುದಿನವೂ ಗುರುಗಳೇ ಸೌಟು ಹಿಡಿದರು. ಗುರಸಿದ್ಧನ ಮುಂದೆ ಬಗ್ಗಿದರು.

"ಸಾಕಾ?"

ಗುರಸಿದ್ಧ ಎಲೆ ನೋಡಿದ, ಬುಟ್ಟಿ ನೋಡಿದ, ಗುರುಗಳ ಮುಖ ನೋಡಿದ.

"ನಿಮ್ಮ ದಮ್ಮಯ್ಯ ಬುದ್ಧಿ, ಹಾಗೆ ಕೇಳಬೇಡಿ. ನೀವು ಸಾಕಾ ಅಂದರೆ ನನ್ನ ಬಾಯಿ ಸಾಕು ಅಂತ್ಲೇ ಅಂದುಬಿಡುತ್ತೆ. ಹೊಟ್ಟೇನ ಒಂದು ಮಾತು ಕೇಳೋದಿಲ್ಲ."

"ಮತ್ತೆ ಹೇಗೆ ಕೇಳಲಯ್ಯ?"

"ಕೇಳಲೇಬೇಡಿ. ಹಾಕ್ತಾ ಇರಿ. ಕೈ ಅಡ್ಡ ಇಡೋದು ನನಗೆ ಗೊತ್ತು."

ಪಂಕ್ತಿಗೆ ಪಂಕ್ತೀನೇ ನಕ್ಕಿತು. "ನನ್ನ ಎಲೆಗೆ ಮಾತ್ರ ಬೆರಳಲ್ಲಿ ಬಡಿಸಿ ಬುದ್ಧಿ," ಅಂದಳು ನಂಜವ್ವ.

ಶಂಭಯ್ಯನೊಬ್ಬ ನಗಲಿಲ್ಲ. ತುತ್ತು ಕೈಯಲ್ಲೇ ನಿಂತಿತ್ತು.

"ಬುದ್ಧಿ, ಆ ಮಾತು ಹೇಳಿಕೊಟ್ಟೋನು ನಾನೇ."

"ಗೊತ್ತು ಕಣಯ್ಯ. ಸಾರು ಆರ್ತದೆ, ಉಣ್ಣು," ಅಂದು ಗುರುಗಳು ಅವನ ಎಲೆಗೆ ಮತ್ತೆರಡು ಸೌಟು ಸುರಿದರು.

ಆವತ್ತಿಂದ ಬೆಳಗಿನ ಪಾಠ ನಿಂತಿತು. ದಿನಕ್ಕಿಷ್ಟು ಜನ ಕೂರೋದು, ಮಿಕ್ಕೋರು ಬಡಿಸೋದು. ಯಾರ ಕಣ್ಣು ಬುಟ್ಟಿ ಕಡೆ ಹೋಗ್ತದೆ, ಯಾರ ಕೈ ಎಲೆ ಮೇಲೆ ಬರ್ತದೆ, ನೋಡಿ ಕಲಿಯೋದು. ನಂಜವ್ವನ ಬೇಳೆಯೂ ಸೀಯದೆ ಉಳಿಯಿತು.

ಶಂಭಯ್ಯ ಹರಿಗೋಲು ಹತ್ತಿ ತಾನೇ ಕರೆಯೋಕೆ ಹೋದ.

"ಇನ್ನೊಂದು ಸಲ ಒಳಗೆ ಬನ್ನಿ ಅಕ್ಕ."

ಈರಕ್ಕ ಬಿದಿರು ಸೀಳುತ್ತಿದ್ದೋಳು ತಲೆ ಎತ್ತಿದಳು.

"ಇಷ್ಟು ದೂರ ಬಂದಿದೀಯ, ಬರ್ತೀವಿ. ಬುತ್ತೀನೂ ತರ್ತೀವಿ, ಯಾವುದಕ್ಕೂ ಇರಲಿ."

ಅಮಾವಾಸ್ಯೆ ಬಂತು. ಗುರಸಿದ್ಧ ಈರಕ್ಕನ ಎಲೆಗೆ ಒಂದು ಸೌಟು ಹಾಕಿದ. ಏನೂ ಕೇಳಲಿಲ್ಲ. ಇನ್ನೊಂದು ಹಾಕಿದ. ಅವಳ ಕೈ ಅಲ್ಲಾಡಲಿಲ್ಲ. ಮತ್ತೊಂದು ಹಾಕಿ, ಸಾರು ಸುರಿದ. ಒಂದು ಸುತ್ತು ಹೋಗಿ ಬಂದು ಮತ್ತೆ ನಿಂತ. ಆಗ ಅವಳು ಎರಡೂ ಕೈ ಎಲೆ ಮೇಲೆ ಚಾಚಿದಳು.

"ಸಾಕೋ ಮಾರಾಯ."

"ಕೈ ತೆಗಿಯಕ್ಕ. ಇಲ್ದಿದ್ರೆ ಬೆರಳ ಸಂದೀಲಿ ಇಳಿಸ್ತೀನಿ."

"ಇಳಿಸಿದರೆ ನಿನ್ನನ್ನೇ ಮೊರದಲ್ಲಿ ಹಾಕಿ ಕೇರಿಬಿಡ್ತೀನಿ ನೋಡು."

ಅವಳ ನಗು ಅಡುಗೆಮನೆ ದಾಟಿ ಹಿತ್ತಲಿಗೂ ಕೇಳಿಸಿತು. ಬಿಚ್ಚದೆ ಉಳಿದ ಬುತ್ತಿಯನ್ನ ಅವಳು ನಂಜವ್ವನಿಗೆ ಕೊಟ್ಟು ಹೋದಳು.

ಶಂಭಯ್ಯ ಕುಣಿಯೋದೊಂದು ಬಾಕಿ. ಗುರುಗಳ ಹತ್ತಿರ ಓಡಿ ಬಂದ.

"ಬುದ್ಧಿ, ಈಗಲಾದರೂ ನಮ್ಮೋರು ತಯಾರಾದರಾ?"

"ಬಡಿಸೋಕೇನೋ ತಯಾರಾದರು," ಅಂದರು ಗುರುಗಳು. "ಬರೋ ಅಮಾವಾಸ್ಯೆ ಈರಕ್ಕನ ಕೈಗೆ ಸೌಟು ಕೊಡು. ನಾವೆಲ್ಲ ಎಲೆ ಮುಂದೆ ಕೂರೋಣ."