ಚೌಕಾಬಾರದಲ್ಲಿ ಮೊಬೈಲ್

ಸಿಂಚನಳ ಮಡಿಲು ತನ್ನ ಪಿತ್ರಾರ್ಜಿತ ಆಸ್ತಿಯೆಂದು ಅವಳ ಮನೆಯ ಮೊಬೈಲ್ ನಂಬಿತ್ತು. ಒಂದು ಮಧ್ಯಾಹ್ನ ಅಜ್ಜಿ ಹುಣಸೆಬೀಜಗಳ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆಗಳನ್ನು ಬರೆದಾಗ ಅದಕ್ಕೆ ನಗು ಬಂತು.

“ಏನಮ್ಮಾ ಬೀಜ, ನಿನ್ನಲ್ಲಿ ಎಷ್ಟು ಆಟಗಳಿವೆ?”

“ಒಂದೇ ಸ್ವಾಮಿ. ಅದೂ ಜಗಳದಲ್ಲಿ ಮುಗಿಯುತ್ತದೆ.”

“ನನ್ನಲ್ಲಿ ಸಾವಿರ ಇವೆ. ಹುಡುಗಿ ನನ್ನನ್ನು ಬಿಟ್ಟು ಕದಲುವುದಿಲ್ಲ.”

ಹುಡುಗಿ ಬಂದು ಅಜ್ಜಿಯ ಎದುರು ಕೂತಳು. ಒಂದು ಕಾಯಿ ಕಡಿಮೆ ಬಿದ್ದಿತ್ತು. ಕೈಯಲ್ಲಿದ್ದದ್ದು ಮೊಬೈಲೇ ಆದ್ದರಿಂದ ಅದನ್ನೇ ಕಾಯಿ ಮಾಡಿ ನಡೆಸಿದಳು. ಇಂಥ ಅವಮಾನ ಕಂಡಿರದ ಮೊಬೈಲ್ ಮುಖ ಕಪ್ಪು ಮಾಡಿಕೊಂಡಿತು. ಅಷ್ಟರಲ್ಲಿ ಅಜ್ಜಿಯ ಕಾಯಿಯಾದ ಬಳೆಚೂರು ಬಂದು ಅದನ್ನು ಕಡಿಯಿತು.

“ಅಜ್ಜೀ, ಮೋಸ! ಬಿದ್ದದ್ದು ಮೂರು, ನಾಲ್ಕಲ್ಲ!”

“ಮೊಬೈಲ್ ನೋಡಿ ನೋಡಿ ನಿನ್ನ ಕಣ್ಣು ಮಂಜಾಗಿದೆ ಕಣೇ. ಕಾಯಿ ವಾಪಸ್ ಇಡು.”

“ನಾನು ಸತ್ತೆನೇ?” ಎಂದು ಮೊಬೈಲ್ ಗಾಬರಿಯಿಂದ ಕೇಳಿತು.

“ಇಲ್ಲ ಸ್ವಾಮಿ, ಮೊದಲಿನಿಂದ ಹೊರಡಬೇಕು, ಅಷ್ಟೆ” ಎಂದಿತು ಬೀಜ.

ಮೊಬೈಲ್ ಹೊರಟಿತು. ಈ ಸಲ ಬಳೆಚೂರನ್ನು ತಾನೇ ಕಡಿಯಿತು. ಸಿಂಚನ ಕುಣಿದಳು, ಅಜ್ಜಿ ಮುನಿಸಿಕೊಂಡರು, ಮೊಬೈಲ್ ಸಂತೋಷಕ್ಕೆ ಗಡಗಡ ನಡುಗಿತು. ಕಾಯಿ ಹಣ್ಣಾಗುವ ನಡುಮನೆಗೆ ಇನ್ನೊಂದೇ ಹೆಜ್ಜೆ ಇದ್ದಾಗ ಆಫೀಸಿನಿಂದ ಅಪ್ಪನ ಕರೆ ಬಂತು.

ಮೊಬೈಲ್ ಗಂಟಲು ಸರಿಮಾಡಿಕೊಂಡಿತು.

“ನೀವು ಕರೆ ಮಾಡಿದ ಚಂದಾದಾರರು ಹಣ್ಣಾಗುವುದರಲ್ಲಿ ನಿರತರಾಗಿದ್ದಾರೆ. ದಯವಿಟ್ಟು ನಾಳೆ ಪ್ರಯತ್ನಿಸಿ.”