ಉಪ್ಪುಳಿದ ಬಂಡೆ

ಮೂಡಣ ಬೆಟ್ಟಸಾಲಿನಲ್ಲಿ ಹುಲ್ಲುಗಾವಲು ಮುಗಿದು ಕಾಡು ಕವಿದುಕೊಳ್ಳುವ ಕಡೆ, ಎಮ್ಮೆ ಮಲಗಿದಂತೆ ಕಾಣುವ ಒಂದು ಬಂಡೆಯಿದೆ. ಅದರ ನೆತ್ತಿಯ ಮೇಲೆ ಅಂಗೈಯಗಲದ ನುಣುಪಾದ ಗುಳಿಗಳಿವೆ. ಉಳಿ ಮುಟ್ಟಿದ ಗುಳಿಗಳಲ್ಲ, ತಲೆತಲಾಂತರದಿಂದ ಕಡವೆಗಳ ನಾಲಿಗೆ ಸವೆಸಿದವು ಎನ್ನುತ್ತಾರೆ. ಸುತ್ತಲಿನ ಪೋಡುಗಳ, ಎಂದರೆ ಸೋಲಿಗರ ಕೇರಿಗಳ ಜನ ಇದನ್ನು ಉಪ್ಪುಳಿದ ಬಂಡೆ ಎಂದು ಕರೆಯುತ್ತಾರೆ. ನೋಡಲು ಬಂದವರು ಹೆಸರು ಕೇಳಿ ನಗುವುದುಂಟು. ಕತೆ ಕೇಳಿದ ಮೇಲೆ ನಗುವವರು ಕಡಿಮೆ.

ಹಿಂದೆ ಒಮ್ಮೆ, ಕೆಳಗಿನ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಈ ಬಂಡೆಗೆ ಉಪ್ಪಿಡುವ ಸೇವೆ ಕೇತನೆಂಬ ಸೋಲಿಗನ ಮನೆಯದಾಗಿತ್ತು. ಸಂಜೆ ಉಪ್ಪು ಚೆಲ್ಲಿ, ಮೊದಲು ಒಂದು ಚಿಟಿಕೆ ತಾನು ಬಾಯಿಗೆ ಹಾಕಿಕೊಂಡು, ಆಮೇಲೆ ಕಾಡಿನತ್ತ ಕೂಗಬೇಕು. ಒಂದೇ ಉಪ್ಪು ತಿಂದ ಮೇಲೆ ಕೂಗಿದವನೂ ಬಂದವೂ ಒಂದೇ ಮನೆಯವರು. ಅಲ್ಲಿ ಆಯುಧ ಎತ್ತುವಂತಿಲ್ಲ ಎಂಬುದು ಆ ಉಪ್ಪಿನ ಆಣೆ. ಕೇತನ ದನಿ ಕೇಳಿದರೆ ಸಾಕು, ಕಿವಿ ಹರಿದ ಮುದಿ ಹೆಣ್ಣು ಕಡವೆಯೊಂದು ಮಂದೆಯನ್ನು ಕರೆತರುತ್ತಿತ್ತು. ಮರಿಯಾಗಿದ್ದಾಗಿನಿಂದ ಅದು ಅವನಿಗೆ ಗುರುತು.

ಒಂದು ಬೇಸಿಗೆ ಪಾಳೆಯಗಾರ ಬೀಗರನ್ನು ಕರೆದುಕೊಂಡು ಬೇಟೆಗೆ ಬಂದ. ಮೂರು ದಿನ ಅಲೆದರೂ ಒಂದು ಮೊಲವೂ ಸಿಗಲಿಲ್ಲ. ಬೀಗರ ಮುಂದೆ ಮುಖಭಂಗವಾದ ದೊರೆ ಕೇತನನ್ನು ಕರೆಸಿ, "ನಾಳೆ ಸಂಜೆಗೆ ಕಡವೆ ಕಾಣದೆ ಹೋದರೆ ನಿನ್ನ ಪೋಡಿಗೆ ಬೆಂಕಿ ಬೀಳುತ್ತದೆ" ಎಂದ. ಕೇತ ಕಾಲಿಗೆ ಬಿದ್ದು, "ಒಂದೇ ಒಂದು, ಬುದ್ಧಿ. ಮಂದೆಗೆ ಕೈ ಹಚ್ಚಬ್ಯಾಡಿ" ಎಂದು ಬೇಡಿದ. ದೊರೆ ತಲೆಯಾಡಿಸಿದ.

ಮರುದಿನವಿಡೀ ಕೇತ ಯೋಚಿಸಿದ. ಕೊನೆಗೆ ಅವನೊಂದು ದಾರಿ ಕಂಡುಕೊಂಡ, ಪಾಪ. ಉಪ್ಪನ್ನು ತಾನು ಬಾಯಿಗಿಡದಿದ್ದರೆ ಆಣೆ ಕೂಡುವುದಿಲ್ಲ, ಆಣೆಯೇ ಇಲ್ಲದ ಮೇಲೆ ಮುರಿಯುವ ಮಾತೆಲ್ಲಿ ಬಂತು! ಹಾಗೆಂದು ತನಗೆ ತಾನೇ ಹೇಳಿಕೊಂಡು, ಉಪ್ಪು ಚೆಲ್ಲಿ, ಬರಿಬಾಯಲ್ಲಿ ಕೂಗಿದ. ಮಂದೆ ಎಂದಿನಂತೆ ಬಂತು. ಅವನು ಉಪ್ಪು ತಿಂದನೋ ಬಿಟ್ಟನೋ, ಅವುಗಳಿಗೇನು ಗೊತ್ತು! ಕಿವಿ ಹರಿದದ್ದು ಅವನ ಕಾಲ ಬಳಿಯೇ ನಿಂತು ನಾಲಿಗೆ ಚಾಚಿತು. ಪೊದೆಗಳ ಮರೆಯಿಂದ ಕೋವಿಗಳು ಸಿಡಿದವು. ಒಂದಲ್ಲ, ಹನ್ನೊಂದು ಕಡವೆಗಳು ಬಂಡೆಯ ಸುತ್ತ ಬಿದ್ದವು. ಪೋಡೇನೋ ಉಳಿಯಿತು. ಆದರೆ ಇದನ್ನು ಹೇಳುವಾಗ ಇಂದಿಗೂ ಸಂಕಟವಾಗುತ್ತದೆ.

ಮನೆಗೆ ಬಂದ ಕೇತ ತಾಯಿ ಬೊಮ್ಮಮ್ಮನ ಮುಂದೆ ಕುಸಿದು ಕುಳಿತು, "ನಾ ಉಪ್ಪ ಬಾಯ್ಗೆ ಹಾಕನಿಲ್ಲ ಕಣವ್ವ" ಎಂದ.

ಮುದುಕಿ, "ನೀ ಹಾಕನಿಲ್ಲ ಮಗ. ಅವು ತಿಂದ್ವಲ್ಲಪ್ಪ" ಎಂದಳು.

ಅಂದಿನಿಂದ ಸಾಯುವ ತನಕ ಕೇತ ದಿನವೂ ಸಂಜೆ ಉಪ್ಪಿಟ್ಟು, ಚಿಟಿಕೆಯಲ್ಲ, ಹಿಡಿಯಷ್ಟು ಬಾಯಿಗೆ ಹಾಕಿಕೊಂಡು ಕೂಗಿದನಂತೆ. ಬದುಕುಳಿದವು ಬರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಉಪ್ಪು ಇಟ್ಟ ಹಾಗೆಯೇ ಇರುತ್ತಿತ್ತು. ಬಂಡೆಗೆ ಹೆಸರು ಬಂದದ್ದು ಹೀಗೆ.

ಈಗ ಅಲ್ಲಿ ಕೋವಿಯ ಸದ್ದಿಲ್ಲ. ಕಾಡು ಕಾಯುವವರಲ್ಲಿ ಕೇತನ ವಂಶದವರೂ ಇದ್ದಾರೆ, ಕಡವೆಗಳೂ ಮತ್ತೆ ಹೆಚ್ಚಿವೆ. ವರ್ಷಕ್ಕೊಮ್ಮೆ ಪೋಡಿನ ಹಿರಿಯರು ಬಂಡೆಯ ಮೇಲೆ ಉಪ್ಪಿಟ್ಟು, ಕೂಗದೆ ಹಿಂದಿರುಗುತ್ತಾರೆ. ಹುಲ್ಲಿನ ನಡುವೆ ಗೊರಸು ತುಳಿದ ಕಾಲುದಾರಿಯೊಂದು ನೇರ ಬಂಡೆಯತ್ತ ಇಳಿದು ಬರುವುದನ್ನು ಹೋದವರೆಲ್ಲ ಕಾಣಬಹುದು. ಬಂಡೆ ಇನ್ನು ಹತ್ತು ಮಾರು ಇರುವಾಗ ಅದು ಪಕ್ಕಕ್ಕೆ ಹೊರಳಿ, ಸುತ್ತು ಬಳಸಿ, ಕೆಳಗಿನ ತೊರೆಗೆ ಹೋಗುತ್ತದೆ.