ಬಯಲಿಗೆ ಹಾಕಿದ ಚಪ್ಪರ

“ಬುದ್ಧಿ, ಕೇಳೋರು ಇನ್ನು ಹೇಗೆ ಕೇಳಬೇಕು?”

ಮಠದ ಜಗಲಿಯ ಮೇಲೆ ಕೂರುವ ಮೊದಲೇ ಮರಿಬಸವಯ್ಯ ಮೇಷ್ಟರು ಮಠದ ಗುರುಗಳಿಗೆ ಈ ಪ್ರಶ್ನೆ ಹಾಕಿದರು. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಮೇಷ್ಟರಾಗಿದ್ದವರು ಅವರು. ಅವರ ಊರಿಗೆ ಉಳಿದಿದ್ದು ಒಂದೇ ಉದ್ಯಾನ, ಅದರೊಳಗೆ ಒಂದು ಆಟದ ಬಯಲು. ಅದರ ಮೇಲೆ ಹತ್ತಾರು ಜನರ ಕಣ್ಣು. ಉದ್ಯಾನ, ಆಟದ ಬಯಲುಗಳನ್ನು ಬೇರೆ ಯಾವ ಕೆಲಸಕ್ಕೂ ಕೊಡಕೂಡದು ಎಂದು ವಿಧಾನಸಭೆಯಲ್ಲಿ ಒಂದು ಕಾನೂನು ಆಗಲಿ ಎಂದು ಮೇಷ್ಟರು ಏಳು ವರ್ಷದಿಂದ ಓಡಾಡುತ್ತಿದ್ದರು. ಶಾಸಕರು ಬದಲಾದರು, ಮಂತ್ರಿಗಳು ಬದಲಾದರು. ಮೇಷ್ಟರ ಅರ್ಜಿ ಮಾತ್ರ ಹಾಗೇ ಇತ್ತು.

“ಹೋದಲ್ಲೆಲ್ಲ ‘ಒಳ್ಳೇ ಕೆಲಸ ಮೇಷ್ಟ್ರೇ’ ಅಂತಾರೆ. ಕಾಫಿ ಕೊಡ್ತಾರೆ, ಬೆನ್ನು ತಟ್ಟಿ ಕಳಿಸ್ತಾರೆ. ಹಾರ ಹಾಕಿದ್ದಾಯ್ತು, ಶಾಲು ಹೊದಿಸಿದ್ದಾಯ್ತು. ಕೋಣನ ಮುಂದೆ ಕಿನ್ನರಿ ಬಾರಿಸಿ ಬಾರಿಸಿ ನನ್ನ ಕೈ ಸೋತಿದೆ. ಈ ಭಾನುವಾರ ಮಂತ್ರಿಗಳನ್ನೇ ಉದ್ಯಾನಕ್ಕೆ ಕರೆಸ್ತಾ ಇದ್ದೀವಿ. ತಾವೂ ದಯಮಾಡಿಸಬೇಕು. ಬೆಳಗ್ಗೆಯೇ ಪೆಂಡಾಲಿನವರು ಬಂದು ಕೂತಿದ್ದಾರೆ, ನಾನು ಬೇಗ ಹೋಗಬೇಕು.”

ಮೇಷ್ಟರು ಅಚ್ಚು ಮಾಡಿಸಿದ ಆಹ್ವಾನ ಪತ್ರಿಕೆಯನ್ನು ಗುರುಗಳ ಮುಂದಿಟ್ಟರು. ಗುರುಗಳು ಅದನ್ನು ಎರಡು ಸಲ ಓದಿದರು. ಮಡಚಿ ಪಕ್ಕಕ್ಕಿಟ್ಟು, ನಿಟ್ಟುಸಿರು ಬಿಟ್ಟು, ಕತೆ ಶುರು ಮಾಡಿದರು.

ನೇಕಾರರ ಊರೊಂದಿತ್ತು. ಆ ಊರಿನ ಮಗ್ಗಗಳೆಲ್ಲ ಗುಂಡಿ ಮಗ್ಗಗಳು. ನೇಯುವವನು ನೆಲದ ಅಂಚಿಗೆ ಕೂತು ಕಾಲನ್ನು ಗುಂಡಿಯೊಳಗೆ ಇಳಿಬಿಡಬೇಕು. ಬೆಳಗ್ಗೆ ಇಳಿಬಿಟ್ಟ ಕಾಲು ಮೇಲೆ ಬರುವುದು ಸಂಜೆಗೆ. ಅಷ್ಟು ಹೊತ್ತಿಗೆ ಅದು ತನ್ನದೋ ಪರರದೋ ತಿಳಿಯದಷ್ಟು ಮರಗಟ್ಟಿರುತ್ತಿತ್ತು. ಆದ್ದರಿಂದ ಸಂಜೆಯಾದರೆ ಊರಿಗೆ ಊರೇ ಬಯಲಿಗೆ ಹೋಗುತ್ತಿತ್ತು. ಮಕ್ಕಳು ಓಡುತ್ತಿದ್ದರು, ಗಂಡಸರು ಕಬಡ್ಡಿ ಆಡುತ್ತಿದ್ದರು, ಹೆಂಗಸರು ಗುಂಪು ಕಟ್ಟಿಕೊಂಡು ಸುತ್ತು ಹಾಕುತ್ತಿದ್ದರು. ಆ ಬಯಲಿಲ್ಲದಿದ್ದರೆ ಊರಿನಲ್ಲಿ ಕಾಲಿದ್ದೂ ಕುಂಟರಾಗುವುದೊಂದೇ ಬಾಕಿ.

ಒಬ್ಬ ವರ್ತಕ ಆ ಬಯಲಿನಲ್ಲಿ ಉಗ್ರಾಣ ಕಟ್ಟುತ್ತೇನೆಂದು ರಾಜಸಭೆಗೆ ಬಿನ್ನಹ ಮಾಡಿದ. ಇದು ತಿಳಿದು ಒಬ್ಬ ನೇಕಾರ ರಾಜಧಾನಿಗೆ ನಡೆದ. ಬಯಲು ಬಯಲಾಗಿಯೇ ಇರಲಿ ಎಂದು ಶಾಸನ ಬರೆಸಿಕೊಡಿ ಎಂದು ಸಭಾಸದರ ಕಾಲಿಗೆ ಬಿದ್ದ. ಅವರು ಕೆಟ್ಟವರೇನಲ್ಲ. ಬಂದು ಕಣ್ಣಾರೆ ನೋಡಿ ಬರೆಯುತ್ತೇವೆ ಎಂದರು.

ದೊಡ್ಡವರು ಬರುತ್ತಾರೆಂದರೆ ಅವರ ಪಾದಕ್ಕೆ ಧೂಳು ತಾಗಬಾರದು, ಅದು ಆ ಊರಿನ ಪದ್ಧತಿ. ನೇಕಾರರು ಬಯಲಿನ ಉದ್ದಕ್ಕೂ ಹೊಸ ಬಟ್ಟೆ ಹಾಸಿದರು. ಚಪ್ಪರ ಹಾಕಿದರು. ಮಕ್ಕಳಿಗೆ ತಲೆ ಬಾಚಿ, ಕೈ ಕಟ್ಟಿಸಿ, ಸಾಲಾಗಿ ಕೂರಿಸಿದರು. ಗಂಡಸರು ಎತ್ತಿ ಕಟ್ಟಿದ ಪಂಚೆ ಇಳಿಸಿ, ತಲೆ ತಗ್ಗಿಸಿ ನಿಂತರು.

ಹಿರಿಯ ಸಭಾಸದ ಸುತ್ತ ನೋಡಿ ಕೇಳಿದ: “ಈ ಬಯಲಲ್ಲಿ ನೀವು ಏನು ಮಾಡುತ್ತೀರಿ?”

ನೇಕಾರ ಕೈ ಮುಗಿದ. “ತಾವು ಬಂದಿರುವಾಗ ಏನೂ ಮಾಡೋದಿಲ್ಲ ಸ್ವಾಮಿ. ಅಷ್ಟು ಮಾನ ಮರ್ಯಾದೆ ಗೊತ್ತಿಲ್ಲದ ಜನ ಅಲ್ಲ ನಾವು.”

ಸಭಾಸದರಿಗೆ ಸಂತೋಷವಾಯಿತು. ಹಾಸಿದ ಬಟ್ಟೆಯ ಮೇಲೆ ಬಂದವರು ಅದೇ ಬಟ್ಟೆಯ ಮೇಲೆ ನಡೆದು ಹಿಂದಿರುಗಿದರು. ಶಾಸನ ಬರಲಿಲ್ಲ.

ಉಪಚಾರ ಸಾಲದೇ ಹೋಯಿತೇನೋ ಎಂದು ನೇಕಾರ ಕೊರಗಿದ. ಏನು ಹೇಳುವುದು ಇಂಥ ಬುದ್ಧಿಗೆ! ಮತ್ತೆ ಕರೆದ, ಮೊದಲಿಗಿಂತ ದೊಡ್ಡ ಚಪ್ಪರ ಹಾಕಿಸಿದ. ಸಭಾಸದರು ಬಂದರು, ಹೊಗಳಿದರು, ಹೋದರು. ಮೂರನೆಯ ಸಲ ಹತ್ತಿರದ ಊರುಗಳಿಂದಲೂ ಜನ ಕೂಡಿಸಿದ. ಗಾಳಿಗೆ ಚಪ್ಪರ ಅಲುಗಬಾರದೆಂದು ಬಯಲಿನ ತುಂಬ ಗುಂಡಿ ತೋಡಿಸಿ, ಕಂಬ ನೆಡಿಸಿ, ಬುಡಕ್ಕೆ ಗಾರೆ ಹಾಕಿಸಿದ. ಹದಿನೈದು ದಿನ ಬಯಲಿಗೆ ಯಾರನ್ನೂ ಬಿಡಲಿಲ್ಲ.

ಅವನ ಹೆಂಡತಿಗೆ ತಾಳ್ಮೆ ತಪ್ಪಿತು. “ನನ್ನ ಕಾಲು ಊದಿಕೊಂಡು ಮಗ್ಗದ ಗುಂಡಿಯಿಂದ ಮೇಲಕ್ಕೇ ಬರ್ತಿಲ್ಲ. ನಾಲ್ಕು ಹೆಜ್ಜೆ ಓಡಾಡೋಣ ಅಂದ್ರೆ ಆ ಬಯಲಲ್ಲಿ ಬರೀ ಕಂಬ. ವರ್ತಕ ಬಂದಿದ್ರೂ ಇಷ್ಟೇ ಆಗ್ತಿತ್ತಲ್ಲ!”

“ಸುಮ್ಮನಿರು ಮಾರಾಯ್ತಿ!” ಎಂದು ನೇಕಾರ ರೇಗಿದ. “ನಾನು ಹಗಲೂ ರಾತ್ರಿ ಸಾಯ್ತಿರೋದು ಆ ಬಯಲಿಗೋಸ್ಕರವೇ!”

ಮೂರನೆಯ ಸಲ ಬಂದು ಹೋದ ಮೇಲೆ ಸಭಾಸದರು ಶಾಸನ ಬರೆದರು. ಡಂಗುರದವನು ಊರಿಗೆ ಬಂದು ಮೊದಲ ಮಾತು ಸಾರಿದ: ಈ ಬಯಲನ್ನು ಎಂದೆಂದಿಗೂ ವರ್ತಕನಿಗೆ ಕೊಡಕೂಡದು. ಜನ ಕುಣಿದರು. ನೇಕಾರನನ್ನು ಹೆಗಲ ಮೇಲೆ ಎತ್ತಿಕೊಂಡರು. ಗದ್ದಲ ಅಡಗಿದ ಮೇಲೆ ಡಂಗುರದವನು ಎರಡನೆಯ ಮಾತು ಸಾರಿದ: ಸಭೆ ಕೂಡುವುದಕ್ಕೆ ಇಷ್ಟು ಯೋಗ್ಯವಾದ ಸ್ಥಳವನ್ನು ನಾವು ಮೂರು ಸಲವೂ ಕಣ್ಣಾರೆ ಕಂಡಿದ್ದೇವೆ, ಆದ್ದರಿಂದ ಇಲ್ಲಿ ಕಲ್ಲಿನ ಸಭಾಮಂಟಪ ಕಟ್ಟತಕ್ಕದ್ದು.

ಮಂಟಪ ಎದ್ದಿತು. ಬಯಲಿನ ಒಂದು ಮೂಲೆಯೂ ಉಳಿಯಲಿಲ್ಲ. ನೇಕಾರನಿಗೆ ಅದರೊಳಗೆ ಮೊದಲ ಸಾಲಿನಲ್ಲಿ ಒಂದು ಪೀಠ ಕೊಟ್ಟರು. ಅವನು ಪ್ರತಿ ಸಂಜೆ ಮಗ್ಗದ ಗುಂಡಿಯಿಂದ ಎದ್ದು, ಮರಗಟ್ಟಿದ ಕಾಲನ್ನು ಎಳೆದುಕೊಂಡು ಬಂದು, ಅಲ್ಲಿ ಮತ್ತೆ ಕೂರುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಮರಿಬಸವಯ್ಯ ಮೇಷ್ಟರಿಗೆ ತಡೆಯಲಾಗಲಿಲ್ಲ. ಜಗಲಿಯ ಮೇಲೆ ಅಂಗೈ ಬಡಿದರು.

“ಎಂಥ ದಡ್ಡ ಅವನು, ಬುದ್ಧಿ! ಬಂದೋರ ಮುಂದೆ ಮಕ್ಕಳನ್ನ ಆಡೋಕೆ ಬಿಟ್ಟಿದ್ರೆ ಸಾಕಾಗಿತ್ತು. ಅವರ ಕಾಲಿಗೂ ಒಂದಿಷ್ಟು ಮಣ್ಣು ಮೆತ್ತಿಕೊಳ್ಳಲಿ ಅಂತ ಬಿಡಬೇಕಾಗಿತ್ತು. ಆ ಬಟ್ಟೆ ಯಾಕೆ, ಆ ಕಂಬ ಯಾಕೆ? ಹೆಂಡತಿ ಹೇಳಿದ್ರೂ ತಲೆಗೆ ಹೋಗಲಿಲ್ವಲ್ಲ! ಕೆಟ್ಟ ಸಿಟ್ಟು ಬರುತ್ತೆ ನನಗೆ.”

“ನನಗೂ ಬರುತ್ತೆ” ಎಂದರು ಗುರುಗಳು. ಪಕ್ಕಕ್ಕಿಟ್ಟಿದ್ದ ಆಹ್ವಾನ ಪತ್ರಿಕೆಯನ್ನು ತೆಗೆದು ಮೇಷ್ಟರ ಕೈಗೆ ವಾಪಸು ಕೊಟ್ಟರು.

“ಭಾನುವಾರದ ಪೆಂಡಾಲಿಗೆ ಆಟದ ಬಯಲಲ್ಲಿ ಎಷ್ಟು ಗುಂಡಿ ತೋಡಿಸಿದ್ದೀರಿ, ಮೇಷ್ಟ್ರೇ?”